ಯಟೋರನ ಹಳದಿ ದೀಪ

ಯಟೋರ್ ಗಾಡಿಯ ಚಕ್ರಕ್ಕೆ ಉಗುಳುತ್ತಿದ್ದ. ದಿನಾ, ತಪ್ಪದೆ, ಜನ ನೋಡುತ್ತಿರುವಾಗಲೇ. ಇಟೆನ್ ಊರಿನಿಂದ ಇಳಿಜಾರು ಮುಗಿಸಿ ಕೆರಿಯೊ ಕಣಿವೆಯ ತಳ ಮುಟ್ಟಿದ ಕೂಡಲೇ ಗಾಡಿ ನಿಲ್ಲಿಸಿ, ಕೆಳಗಿಳಿದು, ಮುಂದಿನ ಚಕ್ರದ ನಡುವಿನ ಕಬ್ಬಿಣಕ್ಕೆ ಥೂ ಎಂದು ಉಗುಳಿ, ಬಗ್ಗಿ ಕಿವಿಗೊಡುತ್ತಿದ್ದ. ಚುಂಯ್ ಎಂದರೆ ಬ್ರೇಕು ಕಾದಿದೆ ಎಂದರ್ಥ. ಅವನ ಗಾಡಿಯ ಚಕ್ರ ನಾನು ಕಂಡಂತೆ ಒಂದು ದಿನವೂ ಚುಂಯ್ ಎನ್ನಲಿಲ್ಲ. ಮೊದಮೊದಲು ಅದನ್ನು ನೋಡಿ ನನಗೆ ಹೇಸಿಗೆಯಾಗುತ್ತಿತ್ತು. ಕಂಕುಳಲ್ಲಿ ಮಕ್ಕಳ ನೋಟ್ ಪುಸ್ತಕದ ಕಟ್ಟು, ಮೈಮೇಲೆ ಇಸ್ತ್ರಿ ಮಾಡಿದ ಸ್ಕರ್ಟು, ಎದುರಿಗೆ ಈ ಮುದುಕನ ಎಂಜಲು. ಈಗ ನನಗೆ ಹೇಸಿಗೆಯಾಗುವುದು ಬೇರೆ ಜನರನ್ನು ಕಂಡು. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ನಾನು ಕಣಿವೆ ತಳದ ಶಾಲೆಯಲ್ಲಿ ಟೀಚರು, ಮನೆ ಮಾತ್ರ ಮೇಲೆ ಇಟೆನ್‌ನಲ್ಲಿ. ಹನ್ನೊಂದು ವರ್ಷದಿಂದ ದಿನಾ ಇಳಿಯುತ್ತೇನೆ, ದಿನಾ ಹತ್ತುತ್ತೇನೆ. ಹತ್ತುವುದು ಕಷ್ಟ ಎಂದು ಹೊಸಬರು ತಿಳಿಯುತ್ತಾರೆ. ಹತ್ತುವಾಗ ಈ ರಸ್ತೆಯಲ್ಲಿ ಯಾರೂ ಸತ್ತಿಲ್ಲ.

ಯಟೋರ್ ಹುಟ್ಟಿದ್ದು ಆ ಕಣಿವೆಯಲ್ಲೇ, ಆಡು ಸಾಕುವವರ ಮನೆಯಲ್ಲಿ. ಹದಿನೇಳಕ್ಕೆ ಗಣಿಯ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿದ. ಲಾರಿ ನಿಂತಾಗಲೆಲ್ಲ ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಡುವುದು ಅವನ ಕೆಲಸವಾಗಿತ್ತು. ಇಪ್ಪತ್ತೇಳಕ್ಕೆ ತಾನೇ ಸ್ಟೀರಿಂಗ್ ಹಿಡಿದ. ಮದುವೆಯಾದ, ಹೆಂಡತಿ ಮೂರನೇ ಹೆರಿಗೆಯಲ್ಲಿ ತೀರಿಕೊಂಡಳು, ಇಬ್ಬರು ಹೆಣ್ಣುಮಕ್ಕಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬೆಳೆಸಿದ. ಗಣಿ ಮುಚ್ಚಿದ ಮೇಲೆ ಜನರನ್ನು ಸಾಗಿಸುವ ಬಾಡಿಗೆ ವ್ಯಾಗನ್‌ಗೆ ಬಂದ. ಹಸಿರು ಉಣ್ಣೆ ಟೋಪಿ, ಬಿಸಿಲಿರಲಿ ಮಳೆಯಿರಲಿ. ಇಳಿಯುವ ದಿನ ಹೆಂಡ ಮುಟ್ಟುತ್ತಿರಲಿಲ್ಲ. ಅವನಿಗೆ ಎಲ್ಲ ದಿನವೂ ಇಳಿಯುವ ದಿನವೇ.

ಉಗುಳುವುದು ಯಾಕೆ ಎಂದು ಒಮ್ಮೆ ಮೂಗು ಮುರಿಯುತ್ತಲೇ ಕೇಳಿದ್ದೆ.

"ಕಿಮೋಸೊಪ್ ಅಂತ ಒಬ್ಬ ಇದ್ದ ಟೀಚರ್, ನನ್ನ ಜೋಡಿ ಡ್ರೈವರ್," ಎಂದ. "ಸಿಮೆಂಟ್ ಹೇರ್ಕೊಂಡು ಫ್ರೀ ಬಿಟ್ಟ. ಆರನೇ ತಿರುವಲ್ಲಿ ಬ್ರೇಕ್ ಸತ್ತೋಯ್ತು. ಆವತ್ತು ಮಳೆ ಬೇರೆ. ಸಿಮೆಂಟ್ ಗಟ್ಟಿಯಾಗೋದ್ರೊಳಗೆ ಅವನ್ನ ಬಿಡಿಸ್ಬೇಕಿತ್ತು. ಆಗ್ಲಿಲ್ಲ. ಸಿಮೆಂಟ್ ಸಮೇತ ಹೂತ್ವಿ."

ಇಷ್ಟು ಹೇಳಿ ಚಿಲ್ಲರೆ ವಾಪಸು ಕೊಟ್ಟು ಹೊರಟುಹೋದ.

ಫ್ರೀ ಬಿಡುವುದೆಂದರೆ ಇಷ್ಟೇ: ಇಳಿಜಾರು ಶುರುವಾದ ತಕ್ಷಣ ಗೇರನ್ನು ನ್ಯೂಟ್ರಲ್‌ಗೆ ತಳ್ಳಿ, ಗಾಡಿಯನ್ನು ಅದರ ಭಾರಕ್ಕೇ ಉರುಳಲು ಬಿಟ್ಟು, ಬ್ರೇಕೊಂದನ್ನೇ ನಂಬಿ ಕೂರುವುದು. ನಮ್ಮಲ್ಲಿ ಪೆಟ್ರೋಲ್ ಡ್ರೈವರನ ಜೇಬಿನದು. ಒಂದು ಲೋಟ ಉಳಿದರೂ ಅವನದೇ. ಆ ಒಂದು ಲೋಟಕ್ಕಾಗಿ ಹತ್ತು ಜನರ ಕುತ್ತಿಗೆಯನ್ನು ಪಣಕ್ಕಿಡುವುದನ್ನು ನಮ್ಮೂರಿನವರು ಜಾಣತನ ಎನ್ನುತ್ತಾರೆ. ಹಾಗೆ ಮಾಡುವವನನ್ನು ಒಳ್ಳೆ ಕೈ ಎಂದು ಹೊಗಳುತ್ತಾರೆ. ಥೂ.

ಯಟೋರನಿಗೆ ಸಿಕ್ಕ ವ್ಯಾಗನ್ ಜಪಾನಿನಿಂದ ಬಂದ ಹಳೆಯ ಗಾಡಿ, ಗೇರು ತನ್ನಷ್ಟಕ್ಕೆ ಬದಲಾಗುವಂಥದ್ದು. ಮೊದಲ ವಾರ ಅವನು ಮುಖ ಊದಿಸಿಕೊಂಡೇ ಓಡಿಸಿದ. ಲಾರಿಯಲ್ಲಾದರೆ ಇಳಿಜಾರಿಗೆ ಸಣ್ಣ ಗೇರು ಹಾಕಿ ಇಂಜಿನ್‌ನಿಂದಲೇ ಹಿಡಿಯುತ್ತಿದ್ದ. ಇದು ಇಳಿಜಾರು ಕಂಡರೆ ತಾನೇ ಮೇಲಿನ ಗೇರಿಗೆ ಹಾರಿ ಓಡುತ್ತಿತ್ತು. ಗೇರ್ ಹಿಡಿಯ ಪಕ್ಕದಲ್ಲಿ ಹೆಬ್ಬೆರಳಿನ ಹತ್ತಿರ ಒಂದು ಗುಂಡಿಯಿತ್ತು. ಅದು ಯಾತಕ್ಕೆ ಎಂದು ಸ್ಟ್ಯಾಂಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೊತೆಗೆ ಬಂದಿದ್ದ ಪುಸ್ತಕ ಪೂರ್ತಿ ಜಪಾನಿ ಭಾಷೆಯದು.

ಇಟೆನ್‌ನಲ್ಲಿ ಎತ್ತರದ ಗಾಳಿಯಲ್ಲಿ ಓಟದ ತಾಲೀಮಿಗೆ ಬರುವ ಪರದೇಶದವರಿಗೆ ಬರವಿಲ್ಲ. ಒಂದು ದಿನ ಜಪಾನಿನ ಸಣಕಲು ಓಟಗಾರ್ತಿಯೊಬ್ಬಳು ಅವನ ಗಾಡಿ ಹತ್ತಿದಳು, ಕೆಳಗಿಳಿದು ಮೇಲಕ್ಕೆ ಓಡಿ ಬರಲು. ಯಟೋರ್ ಗಾಡಿ ನಿಲ್ಲಿಸಿ ಪುಸ್ತಕ ಕೈಗಿಟ್ಟು, "ಇದ್ರಲ್ಲಿ ಈ ಗುಂಡಿ ವಿಷ್ಯ ಏನೈತೆ ನೋಡಮ್ಮ" ಎಂದ. ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ಹಾಳೆ ತಿರುವಿ, ತನಗೆ ಬರುವ ನಾಲ್ಕು ಮಾತಿನಲ್ಲಿ, ಬೆರಳು ಹಾಕಿ ಹೇಳಿದಳು: "ಇದು ಓವರ್‌ಡ್ರೈವ್. ಸಮ ರಸ್ತೆ, ಬೇಕು. ಇಳಿಜಾರು, ಬೇಡ. ಗುಂಡಿ ಒತ್ತು. ದೀಪ ಬರುತ್ತೆ. ಇಂಜಿನ್ ಹಿಡಿಯುತ್ತೆ. ಬ್ರೇಕ್ ಮಲಗುತ್ತೆ."

ಯಟೋರ್ ಮತ್ತೆ ಇಳಿಜಾರಿಗೆ ಹೊರಟು ಒತ್ತಿದ. ಮುಂದೆ ಹಳದಿ ದೀಪ ಹೊತ್ತಿಕೊಂಡಿತು, ಮೇಲಿನ ಗೇರು ಬಂದ್ ಆಯಿತು, ಇಂಜಿನ್ ಗುರ್ ಎಂದಿತು, ಗಾಡಿ ತನ್ನ ಓಟವನ್ನು ತಾನೇ ಹಿಡಿದುಕೊಂಡಿತು. ಅವನು ಹಲ್ಲು ಬಿಟ್ಟು ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ.

"ನೋಡಿದ್ರಾ ಟೀಚರ್! ಲಾರಿ ಗೇರನ್ನ ಈ ಚೋಟುದ್ದ ಗುಂಡಿಯೊಳಗೆ ಬಚ್ಚಿಟ್ಟವ್ರೆ!"

ಅಂದಿನಿಂದ ಮೇಲಿನ ಪೊಲೀಸ್ ಚೌಕಿ ದಾಟಿದ ಕೂಡಲೇ ಗುಂಡಿ ಒತ್ತುವುದು, ದೀಪ ಉರಿಸಿಕೊಂಡೇ ಇಳಿಯುವುದು, ಕೆಳಗೆ ಸಮ ರಸ್ತೆ ಬಂದಾಗ ಮತ್ತೆ ಒತ್ತಿ ಆರಿಸುವುದು ಅವನ ಪದ್ಧತಿಯಾಯಿತು. ಆ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡ, ಒಂದಕ್ಷರ ಓದಲು ಬಾರದಿದ್ದರೂ.

ನಮ್ಮೂರಲ್ಲಿ ಗಾಡಿಯ ಮುಂದೆ ಬಣ್ಣದ ದೀಪ ಉರಿಯಿತೆಂದರೆ ಗಾಡಿಗೆ ಕಾಯಿಲೆ ಎಂದೇ ಲೆಕ್ಕ. ಕಾಯಿಲೆಗೆ ಇರುವ ಮದ್ದೂ ಒಂದೇ, ದೀಪದ ಮೇಲೆ ಕರಿ ಟೇಪು ಅಂಟಿಸುವುದು. ಒಬ್ಬೊಬ್ಬನ ಗಾಡಿಯಲ್ಲಿ ನಾಲ್ಕು ನಾಲ್ಕು ತೇಪೆಗಳಿರುತ್ತವೆ. ಅಂಥವರ ನಡುವೆ ಯಟೋರ್ ಬೇಕೆಂದೇ ದೀಪ ಉರಿಸಿಕೊಂಡು, ಇಂಜಿನ್ ಅರಚಿಸಿಕೊಂಡು ಇಳಿಯುತ್ತಿದ್ದ. ಜನ ಬಿಡುತ್ತಾರೆಯೇ?

"ತಾತಾ, ನಿನ್ ಗಾಡಿಗೆ ಹೊಟ್ಟೆನೋವಾ?" ಎನ್ನುತ್ತಿದ್ದ ಕಿಬಿಟೋಕ್, ಇಪ್ಪತ್ನಾಲ್ಕರ ಹುಡುಗ, ಬದಲಿ ಡ್ರೈವರ್. "ಕರು ಹಾಕೋ ಹಸು ಹಂಗೆ ಅರಚ್ತದಲ್ಲ!"

"ಅರಚ್ಲಿ ಬಿಡು. ಅರಚೋವರ್ಗೂ ಜೀವ ಐತೆ ಅಂತ ಗೊತ್ತಾಗ್ತದೆ."

"ನಾವು ಕೆಳಗೋಗಿ ಟೀ ಕುಡ್ದು ಮೇಲ್ ಬಂದ್ರೂ ನೀನಿನ್ನೂ ಅರ್ಧ ದಾರೀಲಿರೋ ತಂಬಾಚ್ ದಾಟಿರಲ್ಲ."

"ಕುಡಿ ಮಗಾ. ಒಂದಿನ ಮೇಲ್ ಬರ್ದೆ ಕೆಳಗೇ ಉಳ್ಕೊಂಡ್ರೆ ನಿಮ್ಮವ್ವಂಗೆ ನಾನೇ ಹೇಳ್ಕಳಿಸ್ತೀನಿ."

ಸಂತೆಗೆ ಹೋಗುವ ಹೆಂಗಸರು ನಗುತ್ತಿದ್ದರು. ನಗುತ್ತಲೇ ಬೇರೆ ಗಾಡಿ ಹತ್ತುತ್ತಿದ್ದರು. ನಾನೂ ಸಾಚಾ ಅಲ್ಲ. ನಮ್ಮ ಹೆಡ್‌ಮಾಸ್ಟರು ಏಳೂವರೆಗೆ ಸರಿಯಾಗಿ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತಾರೆ. ಗೆರೆಯ ಕೆಳಗೆ ಸಹಿ ಹಾಕಿದವರು ಮಕ್ಕಳೆದುರು ಕಾರಣ ಹೇಳಬೇಕು. ಒಂದೇ ತಿಂಗಳಲ್ಲಿ ಎರಡು ಸಲ ಗೆರೆಯ ಕೆಳಗೆ ಬಿದ್ದೆ. ಎರಡು ಸಲವೂ ಯಟೋರನ ಗಾಡಿ. ಅವತ್ತು ಸಂಜೆ ನೆಟ್ಟಗೆ ಗಾಡಿಯ ಒಡತಿ ಕಿಮೋಯಿಯ ದನದ ಮೇವಿನ ಅಂಗಡಿಗೆ ಹೋದೆ.

"ನಿಮ್ಮ ಗಾಡಿ ನಿತ್ಯ ಕಿರುಚ್ತಾ ಇಳಿಯುತ್ತೆ," ಎಂದೆ. "ಒಳಗೆ ಏನೋ ದೀಪ ಬೇರೆ ಉರಿಯುತ್ತೆ. ಜನ ಹತ್ತೋಕೆ ಹೆದರ್ತಾರೆ."

ದೀಪ ಏನೆಂದು ನನಗೆ ಗೊತ್ತಿತ್ತು. ಆ ಹುಡುಗಿ ಪುಸ್ತಕ ಓದಿ ಹೇಳಿದಾಗ ಪಕ್ಕದಲ್ಲೇ ಕೂತಿದ್ದವಳು ನಾನು. ಗೊತ್ತಿದ್ದೂ ಹೇಳಿದೆ.

"ನನ್ನ ಗಾಡೀನ ಅಳಿಸ್ತಾ ಅವ್ನಾ?" ಎಂದಳು ಕಿಮೋಯಿ. "ದೀಪ ಉರಿತೈತೆ ಅಂತ ನಂಗ್ಯಾಕೆ ಒಬ್ರೂ ಹೇಳ್ಲಿಲ್ಲ? ಟೀಚರ್ ಹೇಳಿದ್ಮೇಲೆ ಮುಗೀತು ಬಿಡಿ."

ಮಾರನೇ ದಿನ ಬೀಗದ ಕೈ ಕಿಬಿಟೋಕನ ಕೈಗೆ ಹೋಯಿತು. ಯಟೋರ್ ಜಗಳವಾಡಲಿಲ್ಲ. ಪುಸ್ತಕವನ್ನು ಹುಡುಗನಿಗೆ ಕೊಡಲು ಹೋದ. "ಇದನ್ನ ಆಡು ತಿನ್ನುತ್ತಾ ತಾತ?" ಎಂದ ಅವನು. ಯಟೋರ್ ಅದನ್ನು ಕಂಕುಳಲ್ಲಿಟ್ಟುಕೊಂಡು ನಡೆದುಹೋದ. ಗಾಡಿ ಸಂಘದ ಡ್ರೈವರುಗಳ ಪಟ್ಟಿಯಲ್ಲಿ ಅವನ ಹೆಸರು ಇನ್ನೂ ಇತ್ತು. ಬೇರೆ ಒಡೆಯರು ಯಾರಾದರೂ ಕರೆದಾರು ಎಂದು ದಿನಾ ಸ್ಟ್ಯಾಂಡಿನ ಬೇಲಿಗೆ ಒರಗಿ ನಿಲ್ಲುತ್ತಿದ್ದ. ಯಾರೂ ಕರೆಯಲಿಲ್ಲ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಮೂರು ತಿಂಗಳು ನಾನು ಏಳಕ್ಕೇ ಶಾಲೆ ಮುಟ್ಟಿದೆ. ಕಿಬಿಟೋಕ್ ಮೊದಲ ದಿನವೇ ದೀಪಕ್ಕೆ ಟೇಪು ಅಂಟಿಸಿದ. ದಿನಾ ಚೌಕಿ ದಾಟಿದ ಮೇಲೆ ಫ್ರೀ ಬಿಡುತ್ತಿದ್ದ. ಇಂಜಿನ್ ಸದ್ದೇ ಇಲ್ಲ, ಗಾಳಿಯದೊಂದೇ ಸದ್ದು. "ಬೆಣ್ಣೆ ಹಂಗೆ ಹೋಗ್ತದೆ" ಎಂದು ಹೆಂಗಸರು ಮೆಚ್ಚುತ್ತಿದ್ದರು. ತಂಬಾಚ್ ದಾಟುತ್ತಿದ್ದಂತೆ ಸುಟ್ಟ ಕೂದಲು, ಸುಟ್ಟ ಕಬ್ಬಿಣ ಎರಡೂ ಸೇರಿದಂಥ ನಾತ ಒಳಗೆ ಬರುತ್ತಿತ್ತು. ಎಲ್ಲರೂ ಶಾಲು ಮೂಗಿಗೆ ಹಿಡಿಯುತ್ತಿದ್ದರು. "ಮುಂದಿನ ಲಾರೀದು" ಎಂದು ಯಾರಾದರೊಬ್ಬರು ಹೇಳುತ್ತಿದ್ದರು. ಮುಂದೆ ಲಾರಿಯೇ ಇರುತ್ತಿರಲಿಲ್ಲ. ನಾನೂ ಮೂಗು ಮುಚ್ಚಿಕೊಂಡು ಗಡಿಯಾರ ನೋಡುತ್ತಿದ್ದೆ.

ಆ ಮಂಗಳವಾರ ಗಾಡಿಯಲ್ಲಿ ಹನ್ನೊಂದು ಜನ. ಐದು ಜನರ ಗಾಡಿಯಲ್ಲಿ ಹನ್ನೊಂದು ನಮಗೆ ಹೊಸದಲ್ಲ. ನಾನು ಮುಂದೆ, ಎಡ ಕಿಟಕಿಯ ಪಕ್ಕ. ಟೀಚರಿಗೆಂದು ಅದನ್ನು ಬಿಡುತ್ತಾರೆ. ಕೊನೆಗೆ ಬಂದವನು ಯಟೋರ್, ತಂಗಿಯ ಮನೆಗೆ ಇದ್ದಿಲು ಬೆರೆಸಿದ ಹುಳಿ ಹಾಲಿನ ಸೋರೆಬುರುಡೆ ಹಿಡಿದುಕೊಂಡು. ಉಳಿದಿದ್ದ ಜಾಗ ಒಂದೇ, ಡ್ರೈವರಿಗೂ ನನಗೂ ನಡುವೆ ಹಾಕಿದ ಮೆತ್ತೆ.

"ಬಾ ತಾತಾ, ನಿನ್ ಹಳೇ ಸಿಂಹಾಸನದ ಪಕ್ಕದಲ್ಲೇ ಕೂತ್ಕೋ," ಎಂದ ಕಿಬಿಟೋಕ್.

"ಕೂತ್ಕೋತೀನಿ. ಈ ಮೆತ್ತೆ ಕೆಳಗೆ ಹ್ಯಾಂಡ್‌ಬ್ರೇಕ್ ಐತೆ, ಗೊತ್ತಾ?"

"ಅದು ಚುಚ್ಬಾರ್ದು ಅಂತಾನೇ ಮೆತ್ತೆ ಹಾಕಿರೋದು!"

ಹಿಂದೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ತಂಬಾಚ್ ದಾಟಿ ಎರಡನೇ ತಿರುವಿನಲ್ಲಿ ಕಿಬಿಟೋಕನ ಕಾಲು ಪೆಡಲ್ ಮೇಲೆ ಒಂದು ಸಲ ಹೆಚ್ಚಾಗಿ ಒತ್ತಿದ್ದನ್ನು ನೋಡಿದೆ. ಆಮೇಲೆ ಎರಡು ಸಲ. ಆಮೇಲೆ ಕುಟ್ಟತೊಡಗಿದ. ಪೆಡಲ್ ನೆಲದವರೆಗೂ ಹೋಗುತ್ತಿತ್ತು, ಗಾಡಿ ಮಾತ್ರ ಓಡುತ್ತಲೇ ಇತ್ತು. ಅವನ ಬಾಯಿ ತೆರೆದುಕೊಂಡೇ ಇತ್ತು. ಹಿಂದಿನವರಿಗೆ ಏನೂ ಗೊತ್ತಿಲ್ಲ, ಈರುಳ್ಳಿ ಬೆಲೆ ಮಾತಾಡುತ್ತಿದ್ದರು.

ಯಟೋರ್ ಸೋರೆಬುರುಡೆಯನ್ನು ನನ್ನ ಮಡಿಲಿಗಿಟ್ಟ. "ಹಿಡ್ಕೊಳ್ಳಿ ಟೀಚರ್" ಎಂದ, ಚಿಲ್ಲರೆ ಹಿಡಿದುಕೊಳ್ಳಿ ಎನ್ನುವ ಧ್ವನಿಯಲ್ಲೇ. ಎಡಗೈ ಗೇರ್ ಹಿಡಿಯ ಮೇಲೆ ಹೋಯಿತು. ಹೆಬ್ಬೆರಳು ನೋಡದೆಯೇ ಗುಂಡಿಯನ್ನು ಹುಡುಕಿ ಒತ್ತಿತು. ಹಿಡಿಯನ್ನು ನ್ಯೂಟ್ರಲ್‌ನಿಂದ ಎಳೆದ. ಇಂಜಿನ್ ಕಿರುಚಿತು, ಎಲ್ಲರೂ ಮುಂದಕ್ಕೆ ಬಿದ್ದರು. "ನೀನು ಸ್ಟೀರಿಂಗ್ ನೋಡ್ಕೋ ಮಗಾ, ಗುಡ್ಡದ ಕಡೆ ಹಿಡಿ, ಗುಡ್ಡದ ಕಡೆ" ಎಂದ. ಇನ್ನೊಂದು ಗೇರು ಕೆಳಗಿಳಿಸಿದ. ಓಟ ಇಳಿಯಿತು. ಆಮೇಲೆ ಕುಂಡಿಯೆತ್ತಿ, ಕೆಳಗಿನ ಮೆತ್ತೆಯನ್ನು ಕಿತ್ತೆಸೆದು, ಹ್ಯಾಂಡ್‌ಬ್ರೇಕನ್ನು ಒಂದೊಂದೇ ಹಲ್ಲು ಎಳೆಯುತ್ತ ಬಂದ. ಕಿಮೋಸೊಪ್ ಹೋದ ಆರನೇ ತಿರುವಿಗೆ ಇನ್ನೂ ಮೂವತ್ತು ಹೆಜ್ಜೆ ಇರುವಾಗ ಗಾಡಿ ರಸ್ತೆ ರಿಪೇರಿಗೆ ಸುರಿದಿದ್ದ ಕೆಂಪು ಮಣ್ಣಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಕೆಳಗೆ ಯಾವುದೋ ಕಲ್ಲು ಬಡಿದ ಸದ್ದಾಯಿತು. ಸೋರೆಬುರುಡೆ ಒಡೆದು ನನ್ನ ಸ್ಕರ್ಟಿನ ತುಂಬ ಇದ್ದಿಲ ಬಣ್ಣದ ಹುಳಿ ಹಾಲು ಹರಿಯಿತು.

ಒಬ್ಬರಿಗೂ ಗೀರು ಗಾಯವಾಗಿರಲಿಲ್ಲ. ಕಿಬಿಟೋಕ್ ಬಾಗಿಲು ತೆಗೆದು ವಾಂತಿ ಮಾಡಿದ. ಯಟೋರ್ ಇಳಿದು, ಮುಂದಿನ ಚಕ್ರಕ್ಕೆ ಉಗುಳಿದ. ಚುಂಯ್ ಎಂದಿತು, ಕಾದ ಹೆಂಚಿಗೆ ನೀರು ಬಿದ್ದ ಹಾಗೆ. ಅವನು ನಮ್ಮೆಲ್ಲರ ಮುಖ ನೋಡಿದ. ಒಬ್ಬರೂ ಆ ಕಡೆ ಕಿವಿಗೊಡಲಿಲ್ಲ.

ಉಸಿರು ಬಂದ ಮೇಲೆ ಜನರ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಆ ಮುದ್ಕ ಗೇರ್ ಮುಟ್ಟಿದ್ದಕ್ಕೇ ಗಾಡಿ ಹಿಂಗಾಗಿದ್ದು!" ಹೇಳಿದವಳು ಕಿಬಿಟೋಕನ ಚಿಕ್ಕಮ್ಮ, ಹಿಂದಿನ ಸೀಟಿನಲ್ಲಿ ಮೂಟೆಯ ಕೆಳಗೆ ಹೂತುಹೋಗಿದ್ದವಳು, ಏನನ್ನೂ ನೋಡದವಳು. ಎರಡು ನಿಮಿಷದಲ್ಲಿ ಎಲ್ಲರೂ ನೋಡಿದವರಾದರು. ಬೈಕಿನಲ್ಲಿ ಬಂದ ಕಿಮೋಯಿ ಗಾಡಿಯ ಕೆಳಗೆ ಕೆಂಪು ಎಣ್ಣೆ ಸೋರುವುದನ್ನು ಕಂಡು ಎದೆ ಬಡಿದುಕೊಂಡಳು. "ಗೇರ್‌ಬಾಕ್ಸ್ ಮುರ್ದಾಕ್ದ! ಕೆಲ್ಸ ಹೋದ ಹೊಟ್ಟೆಕಿಚ್ಚಿಗೆ ಮುರ್ದಾಕ್ದ!" ಎಣ್ಣೆ ಸೋರಿದ್ದು ಕಲ್ಲಿನಿಂದ. ಕಲ್ಲನ್ನು ಬೈದು ಪ್ರಯೋಜನವೇನು, ಮುದುಕ ಎದುರಿಗೇ ನಿಂತಿದ್ದ.

ಶುಕ್ರವಾರ ಗಾಡಿ ಸಂಘದಲ್ಲಿ ವಿಚಾರಣೆ ಎಂದಾಯಿತು. ನಡೆದದ್ದು ನಡೆದಂತೆ ಗೊತ್ತಾದರೆ ಯಟೋರನಿಗೆ ಅವನ ಸೀಟು ವಾಪಸು. ಇಲ್ಲದಿದ್ದರೆ ಪಟ್ಟಿಯಿಂದ ಹೆಸರೇ ತೆಗೆಯುತ್ತಾರೆ, ಆಮೇಲೆ ಆ ರಸ್ತೆಯಲ್ಲಿ ಅವನು ಯಾವ ಗಾಡಿಯ ಸ್ಟೀರಿಂಗನ್ನೂ ಮುಟ್ಟುವಂತಿಲ್ಲ. ಐವತ್ತೆಂಟು ವರ್ಷ ಅವನಿಗೆ. ಮುಂದೆ ಕೂತಿದ್ದು, ಎಲ್ಲ ಕಂಡಿದ್ದು ನಾನೊಬ್ಬಳೇ.

ಗುರುವಾರ ಸಂಜೆ ಹೆಂಗಸರೆಲ್ಲ ನಮ್ಮ ಮನೆಗೆ ಬಂದರು, ಒಬ್ಬಳ ಕೈಯಲ್ಲಿ ಮೊಟ್ಟೆಯ ಬುಟ್ಟಿ.

"ಟೀಚರ್, ನಿಮ್ಮ ಬರವಣಿಗೆ ಚೆಂದ. ನೀವೇ ಬರ್ದು ಕೊಡ್ಬೇಕು," ಎಂದಳು ಕಿಬಿಟೋಕನ ಚಿಕ್ಕಮ್ಮ.

"ಏನಂತ ಬರೀಲಿ?"

"ನಿಜ ಬರೆದ್ರೆ ಪೊಲೀಸ್ನೋರು ಬರ್ತಾರೆ. ಹನ್ನೊಂದು ಜನ ಅಂತ ಗೊತ್ತಾದ್ರೆ ಎಲ್ಲಾ ಗಾಡೀನೂ ಹಿಡೀತಾರೆ. ನಾವು ಸಂತೆಗೆ ನಡ್ಕೊಂಡು ಹೋಗ್ಬೇಕಾ? ನೀವು ಶಾಲೆಗೆ ನಡ್ಕೊಂಡು ಹೋಗ್ತೀರಾ?"

"ಹುಡ್ಗನ್ ಮದ್ವೆ ಬೇರೆ ಬರೋ ತಿಂಗ್ಳು," ಎಂದಳು ಇನ್ನೊಬ್ಬಳು. "ಮುದ್ಕಂದೇನು, ಹೆಂಡ್ತಿನಾ, ಸಂಸಾರಾನಾ. ಆಡು ಕಾಯ್ಕೊಂಡಿರ್ತಾನೆ."

ನನ್ನನ್ನು ಯಾರೂ ಹೆದರಿಸಲಿಲ್ಲ, ಕುತ್ತಿಗೆಗೆ ಕತ್ತಿ ಹಿಡಿಯಲಿಲ್ಲ. ಮೇಜಿನ ಮುಂದೆ ಕೂತು, ದುಂಡಾದ ಅಕ್ಷರದಲ್ಲಿ, ಒಂದು ಚಿತ್ತು ಕೂಡ ಇಲ್ಲದೆ ಬರೆದೆ: ಗಾಡಿಯಲ್ಲಿ ಐದು ಜನ ಇದ್ದೆವು; ಪ್ರಯಾಣಿಕರಲ್ಲಿ ಹಿರಿಯರೊಬ್ಬರು ಗಾಬರಿಗೊಂಡು ಗೇರ್ ಹಿಡಿಯನ್ನು ಎಳೆದರು; ಗಾಡಿ ಮಣ್ಣಿನ ಗುಡ್ಡೆಗೆ ಬಡಿಯಿತು. ಹಾಜರಿ ಪುಸ್ತಕದ ಕೆಂಪು ಗೆರೆಗೆ ಹೆದರಿದವಳ ಬರವಣಿಗೆ ಅದು. ಮೊಟ್ಟೆ ಬೇಡ ಎನ್ನಲೂ ಇಲ್ಲ. ಮರುದಿನ ಬೇಯಿಸಿ ತಿಂದೆ.

ವಿಚಾರಣೆ ಐದು ನಿಮಿಷದಲ್ಲಿ ಮುಗಿಯಿತು.

"ಗೇರ್ ಮುಟ್ಟಿದ್ಯಾ ಇಲ್ವಾ?" ಎಂದರು ಸಂಘದ ಅಧ್ಯಕ್ಷರು.

"ಮುಟ್ದೆ. ಬ್ರೇಕು..."

"ಮುಟ್ದೆ ಅಂದ್ಯಲ್ಲ, ಸಾಕು."

ಯಟೋರ್ ತಿರುಗಿ ನನ್ನ ಕಡೆ ನೋಡಿದ. ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದ. ನಾನು ಗಡಿಯಾರ ನೋಡಿಕೊಂಡೆ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಶಾಲೆಗೆ ಬಂದ, ಹಸಿರು ಟೋಪಿ ಕೈಯಲ್ಲಿ ಹಿಡಿದು. ಮೇಲಿನಿಂದ ಕಾಲುದಾರಿಯಲ್ಲಿ ನಡೆದೇ ಇಳಿದಿದ್ದ. ಮಕ್ಕಳಿಗೆ ಲೆಕ್ಕ ಕೊಟ್ಟು ಹೊರಗೆ ಬಂದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಪ್ಲಾಸ್ಟಿಕ್ ಬಿಚ್ಚಿ ಜಪಾನಿ ಪುಸ್ತಕ ತೆಗೆದ. ಅದರೊಳಗೆ ಮಡಚಿಟ್ಟಿದ್ದ ಒಂದು ಜೆರಾಕ್ಸ್ ಹಾಳೆ, ನನ್ನದೇ ಅಕ್ಷರ.

"ಹೆಸ್ರು ತೆಗ್ದಾಗ ಇದನ್ನ ಕೊಟ್ರು ಟೀಚರ್. ಮಗಳ ಹತ್ರ ಓದಿಸ್ದೆ. ಅಕ್ಷರ ಚೆನ್ನಾಗೈತಂತೆ."

ಹಾಳೆಯ ಮಡಿಕೆ ಬಿಡಿಸಿ ನನ್ನ ಮುಂದೆ ಹಿಡಿದ.

"ಗೇರ್ ಎಳೆದೆ, ಅದು ನಿಜ. ಮಣ್ಣಿಗೆ ಬಡೀತು, ಅದೂ ನಿಜ. ಐದು ಜನ ಅಂತ ಬರ್ದಿದೀರ, ಅದು ನಿಮ್ಮೆಲ್ಲರ ಅನುಕೂಲ. ಈ ಒಂದು ಪದ ಮಾತ್ರ..." ಬೆರಳಿಟ್ಟ. ಓದಲು ಬಾರದವನು, ಸರಿಯಾದ ಜಾಗವನ್ನು ಮಗಳಿಂದ ಗುರುತು ಹಾಕಿಸಿಕೊಂಡು ಬಂದಿದ್ದ. "ಗಾಬರಿಗೊಂಡು ಅಂತ ಐತಂತಲ್ಲ. ನಾನು ಗಾಬರಿ ಆಗಿರ್ಲಿಲ್ಲ. ಮೂವತ್ತೊಂದು ವರ್ಷ ಆ ರಸ್ತೇಲಿ ಓಡ್ಸಿದೀನಿ. ಗಾಬರಿ ಆದೋನಿಗೆ ಆ ಗುಂಡಿ ಸಿಗಲ್ಲ. ನೀವು ಪಕ್ಕದಲ್ಲೇ ಇದ್ರಲ್ಲ, ನಿಮಗ್ಗೊತ್ತು. ಅದೊಂದನ್ನ ಹೊಡೆದಾಕಿ ಕೊಡಿ."

ಅದು ಬರೀ ಜೆರಾಕ್ಸು. ಅಸಲು ಸಂಘದ ಕಪಾಟಿನಲ್ಲಿದೆ. ಇದರಲ್ಲಿ ಏನು ತಿದ್ದಿದರೂ ಅವನ ಸೀಟು ಬರುವುದಿಲ್ಲ ಎಂದು ನನಗೂ ಗೊತ್ತು, ಅವನಿಗೂ ಗೊತ್ತು.

"ಪೂರ್ತಿ ಬೇರೆ ಬರ್ಕೊಡ್ಲಾ?" ಎಂದೆ. ಬೇಡ ಎನ್ನಲಿ ಎಂಬ ಆಸೆಯಿಂದಲೇ ಕೇಳಿದೆ, ಮತ್ತು ಆ ಆಸೆ ನನ್ನ ಧ್ವನಿಯಲ್ಲಿ ಕೇಳಿಸಿತು.

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಚಕ್ರಕ್ಕೆ ಉಗುಳಿ ಕಿವಿಗೊಡುವಾಗ ನೋಡುತ್ತಿದ್ದ ಹಾಗೆ.

"ಬೇಡ ಬಿಡಿ ಟೀಚರ್. ನಿಮಗೆ ಹೊತ್ತಾಗ್ತದೆ."

ಒಳಗೆ ಹೋಗಿ ಕೆಂಪು ಪೆನ್ನು ತಂದು ಆ ಒಂದು ಪದವನ್ನು ಹೊಡೆದು ಹಾಕಿದೆ. ಅವನು ಶಾಯಿ ಒಣಗಲೆಂದು ಊದಿ, ಹಾಳೆಯನ್ನು ಪುಸ್ತಕದೊಳಗಿಟ್ಟು, ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ಟೋಪಿ ಹಾಕಿಕೊಂಡು ದಿಬ್ಬದ ಕಡೆ ನಡೆದ. ನನ್ನ ಮೇಜಿನ ಮೇಲೆ ಬಿಳಿ ಹಾಳೆ ಒಂದು ಕಟ್ಟು ಇತ್ತು, ಪಾಠ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.